ಯು.ಬಿ.ಎಲ್.ನಿಂದ ಟ್ಯಾಬ್ ಕೀಲಿಯವರೆಗೆ

ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೆ ಈಗ ಭಾಳ ಉದ್ದನೆಯ ಹೆಸರು: ಶ್ರೀ ಸಿದ್ಧಾರೂಢ ಸ್ವಾಮೀಜಿ ಹುಬ್ಬಳ್ಳಿ ನಿಲ್ದಾಣ. ಪ್ಲಾಟ್‌ಫಾರ್ಮೂ ಹೆಸರಿಗೆ ತಕ್ಕಂಗ ಉದ್ದ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 1,507 ಮೀಟರಿನ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಅತಿ ಉದ್ದದ್ದು ಅಂತ ದಾಖಲೆ ಪುಸ್ತಕಕ್ಕೂ ಹೋತು. ಆದರೆ ಟಿಕೆಟ್ ತೆಗೆದು ನೋಡ್ರಿ, ಅದರಾಗ ಊರಿನ ಗುರುತು ಬರೀ ಮೂರು ಇಂಗ್ಲಿಷ್ ಅಕ್ಷರ: ಯು, ಬಿ, ಎಲ್. ಇಂಗ್ಲಿಷಿನಲ್ಲಿ ಹುಬ್ಬಳ್ಳಿ ಶುರುವಾಗೋದೇ ಎಚ್‌ನಿಂದ. ಆ ಎಚ್ಚೇ ಅಲ್ಲಿಲ್ಲ. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಹುಬ್ಲಿ’ ಹೋಗಿ ‘ಹುಬ್ಬಳ್ಳಿ’ ಬಂತು, ಆಮೇಲೆ ನಿಲ್ದಾಣಕ್ಕೆ ಸ್ವಾಮಿಗಳ ಹೆಸರು ಬಂತು. ಯು.ಬಿ.ಎಲ್. ಮಾತ್ರ ಜಗ್ಗಲಿಲ್ಲ.

ಧಾರವಾಡಕ್ಕೆ ಡಿ.ಡಬ್ಲ್ಯೂ.ಆರ್., ಗದಗಕ್ಕೆ ಜಿ.ಡಿ.ಜಿ., ಬೆಳಗಾವಿಗೆ ಇವತ್ತಿಗೂ ಬಿ.ಜಿ.ಎಂ. ಇವೆಲ್ಲ ತಂತಿ ಕಾಲದ ಬಳುವಳಿ. ನಾನು ಇವತ್ತು ಹೇಳಬೇಕೆಂದಿರುವ ಮಾತು ಕಂಪ್ಯೂಟರಿನದು. ಕಪ್ಪು ಪರದೆಯ ಮೇಲೆ ಅರ್ಧ ಹೆಸರು ಬರೆದು ಟ್ಯಾಬ್ ಕೀಲಿ ಒತ್ತಿದರೆ ಉಳಿದರ್ಧವನ್ನು ಯಂತ್ರವೇ ಬರೀತದಲ್ಲ, ಆ ಸೌಲಭ್ಯ ಎಲ್ಲಿಂದ ಬಂತು, ನಾವೇ ಬರೆದ ಒಂದು ಟೂಲ್‌ಗೆ ಅದನ್ನು ಕಲಿಸೋದು ಹೆಂಗ ಅನ್ನೋದು. ರೈಲಿನಿಂದ ಯಾಕ ಶುರು ಮಾಡಿದೆ ಅಂದ್ರ, ಉದ್ದ ಹೆಸರಿನ ತಾಪತ್ರಯಕ್ಕೆ ಮನುಷ್ಯರು ಮೊದಲು ಹೂಡಿದ ಉಪಾಯ ಯಾವುದು, ಅದರ ಬೆಲೆ ತೆತ್ತವರು ಯಾರು ಅನ್ನೋದು ನಮ್ಮ ಅವಳಿ ನಗರದಾಗೇ ಚೊಲೋ ಕಾಣಸ್ತದ.

ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ. ಅದರ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. ಈಗ ಕರ್ನಾಟಕ ಕಾಲೇಜು ಇರುವ ಕಟ್ಟಡವೇ ಅದು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು 1885ರದು. ಆ ಕಾಲದಾಗ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸೋದು ಅಂದ್ರ ತಂತಿ. ಒಬ್ಬ ಮನುಷ್ಯ ಕೈಯಿಂದ ಒಂದೊಂದೇ ಅಕ್ಷರವನ್ನು ಕಟ್ಟ-ಕಡ ಅಂತ ಬಡಿಯಬೇಕು. ಮೋರ್ಸ್ ಲಿಪಿಯಲ್ಲಿ ಯು ಅಂದ್ರ ಎರಡು ಚುಕ್ಕಿ, ಒಂದು ಗೆರೆ. ಬಿ ಅಂದ್ರ ಒಂದು ಗೆರೆ, ಮೂರು ಚುಕ್ಕಿ. ಎಲ್ ಅಂದ್ರ ಚುಕ್ಕಿ, ಗೆರೆ, ಮತ್ತೆರಡು ಚುಕ್ಕಿ. ಒಟ್ಟು 11 ಬಡಿತ. ‘ಹುಬ್ಲಿ’ ಅಂತ ಇಂಗ್ಲಿಷಿನ ಐದೂ ಅಕ್ಷರ ಬಡಿದರೆ 17. ದಿನಕ್ಕೆ ನೂರಾರು ಸಲ ಬಡಿಯೋ ಕೈಗೆ ಆ ಆರು ಬಡಿತ ಸಣ್ಣ ಉಳಿತಾಯ ಏನಲ್ಲ.

ಆದರೆ ಈ ಉಳಿತಾಯ ಪುಕ್ಕಟೆ ಬರಲಿಲ್ಲ. ತಂತಿಯ ಹೊರೆ ಇಳಿದು ಕಾರಕೂನನ ತಲೆಯ ಮೇಲೆ ಕೂತಿತು. ಹೊಸದಾಗಿ ಕೆಲಸಕ್ಕೆ ಸೇರಿದವನು ಯಾವ ಊರಿಗೆ ಯಾವ ಅಕ್ಷರ ಅಂತ ಬಾಯಿಪಾಠ ಮಾಡಬೇಕು. ಹುಬ್ಬಳ್ಳಿಗೆ ಎಚ್ ಇಲ್ಲ ಅನ್ನೋದನ್ನು ಯಾವ ತರ್ಕದಿಂದಲೂ ಕಂಡುಹಿಡಿಯೋಕಾಗಲ್ಲ. ಯಾರಾದರೂ ಹೇಳಿಕೊಡಬೇಕು, ಇಲ್ಲಾ ಪಟ್ಟಿ ನೋಡಬೇಕು. ಬಲ್ಲವನಿಗೆ ಭಾಳ ಸಲೀಸು, ಹೊಸಬನಿಗೆ ಗೋಡೆ. ಹೆಸರು ಮೊಟಕು ಮಾಡೋದರ ಸ್ವಭಾವವೇ ಇದು.

ಇದೇ ಉಪಾಯ ಸಮುದ್ರದ ಆಚೆ, ಇನ್ನೊಂದು ಯಂತ್ರದ ಮುಂದೆ ಮತ್ತೊಮ್ಮೆ ಹುಟ್ಟಿತು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತವರ ಗೆಳೆಯರು ಯುನಿಕ್ಸ್ ಕಟ್ಟಲು ಶುರು ಮಾಡಿದರು. ಅವರ ಮುಂದಿದ್ದದ್ದು ನಾವು ನೋಡುವಂಥ ಪರದೆ ಅಲ್ಲ. ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರದಂಥ ಸಾಧನ. ಅದರ 33ನೆಯ ಮಾದರಿ ಸೆಕೆಂಡಿಗೆ 10 ಅಕ್ಷರ ಮಾತ್ರ ಕಾಗದದ ಮೇಲೆ ಒತ್ತುತ್ತಿತ್ತು. ಕೀಲಿಗಳೋ, ಬೆರಳು ನೋಯುವಷ್ಟು ಬಿರುಸು. ಹಿಂಗಿದ್ದಾಗ ಉದ್ದ ಹೆಸರು ಯಾರಿಗೆ ಬೇಕು? ಪಟ್ಟಿ ತೋರಿಸಲು ‘ಲಿಸ್ಟ್’ ಅಂತಿರಲಿಲ್ಲ, ಎಲ್‌ಎಸ್. ನಕಲು ಮಾಡಲು ಸಿಪಿ. ಸರಿಸಲು ಎಂವಿ. ಅಳಿಸಲು ಆರ್‌ಎಂ. ಹೊಸ ಫೈಲು ಹುಟ್ಟಿಸುವ ಕರೆಗೆ ‘ಕ್ರಿಯೇಟ್’ ಅಂತ ಹೆಸರಿಟ್ಟು ಕೊನೆಯ ಇ ಅಕ್ಷರವನ್ನೇ ಕೈಬಿಟ್ಟರು. ಯುನಿಕ್ಸನ್ನು ಮತ್ತೆ ಬರೆಯೋದಾದರೆ ಏನು ಬದಲಿಸ್ತೀರಿ ಅಂತ ಮುಂದೊಮ್ಮೆ ಯಾರೋ ಕೇಳಿದಾಗ, ಆ ಇ ಸೇರಿಸ್ತೀನಿ ಅನ್ನೋ ಅರ್ಥದಾಗ ಥಾಂಪ್ಸನ್ ಚಾಷ್ಟಿ ಮಾಡಿದ್ದರಂತ. ತಂತಿ ಕಾಲದ ಲೆಕ್ಕವೇ ಇಲ್ಲೂ ನಡೆಯಿತು: ಕೈ ಉಳಿಸು, ತಲೆಗೆ ಹಾಕು.

ಆ ಲೆಕ್ಕ ನಮ್ಮ ಲ್ಯಾಬುಗಳಿಗೆ ಬಂದಾಗ ಏನಾತು ಅನ್ನೋದನ್ನ ನಾ ಕಣ್ಣಾರೆ ನೋಡೀನಿ. ಬೆಳಗಾವಿಯಲ್ಲಿ ವಿಟಿಯು ಶುರುವಾದದ್ದು 1998ರಲ್ಲಿ. ಅದರ ಪಠ್ಯಕ್ರಮದಲ್ಲಿ ‘ಯುನಿಕ್ಸ್ ಅಂಡ್ ಶೆಲ್ ಪ್ರೋಗ್ರಾಮಿಂಗ್’ ಅಂತ ಒಂದು ವಿಷಯ ಇತ್ತು. ಸುಮಿತಾಭ ದಾಸ್ ಅವರ ದಪ್ಪ ಪುಸ್ತಕ ಎಲ್ಲರ ಚೀಲದಾಗೂ ಇರ್ತಿತ್ತು. ಶೆಲ್ ಅಂದ್ರ ನಾವು ಬರೆದ ಕಮಾಂಡನ್ನು ಓದಿ, ಯಂತ್ರಕ್ಕೆ ಮುಟ್ಟಿಸಿ, ಉತ್ತರ ತಂದುಕೊಡುವ ತಂತ್ರಾಂಶ. ಕಪ್ಪು ಪರದೆಯ ಹಿಂದೆ ಕೂತ ದುಭಾಷಿ ಅನ್ನಬಹುದು. ಕೆಲವು ವರ್ಷ ಇಲ್ಲಿಯ ಒಂದು ಲ್ಯಾಬಿನಾಗ ಹುಡುಗೂರಿಗೆ ಅದನ್ನು ಹೇಳಿಕೊಟ್ಟೆ. ನವಲಗುಂದ, ಕುಂದಗೋಳ, ರೋಣದ ಕಡೆಯಿಂದ ಬಂದ ಕನ್ನಡ ಮಾಧ್ಯಮದ ಮಕ್ಕಳು. ಲೆಕ್ಕದಾಗ ಹುಲಿಗಳು. ತರ್ಕ ಹೇಳಿದರೆ ಥಟ್ಟನೆ ಹಿಡೀತಿದ್ದರು. ಆದರೆ ಕೀಲಿಮಣೆಯ ಮುಂದೆ ಕೂತರೆ ಕೈ ನಡುಗೋದು.

“ಸರ, ಇದರ ಸ್ಪೆಲಿಂಗ್ ಏನ್ರಿ?”

ಇದು ಒಂದು ತಾಸಿನಾಗ ಇಪ್ಪತ್ತು ಸಲ ಕೇಳಿಬರೋ ಪ್ರಶ್ನೆ. ಒಂದಕ್ಷರ ತಪ್ಪಿದರೆ ಪರದೆಯ ಮೇಲೆ ‘ಕಮಾಂಡ್ ನಾಟ್ ಫೌಂಡ್’ ಅಂತ ಬರ್ತಿತ್ತು. ಯಂತ್ರಕ್ಕೆ ಅದೊಂದು ಸಾದಾ ವರದಿ. ಹತ್ತನೆಯ ಇಯತ್ತೆಯ ತನಕ ಇಂಗ್ಲಿಷ್ ಪತ್ರಿಕೆಯಲ್ಲಿ ಕೆಂಪು ಶಾಯಿ ನೋಡಿ ನೋಡಿ ಬೇಸತ್ತ ಹುಡುಗನಿಗೆ ಅದು ಮತ್ತದೇ ಕೆಂಪು ಶಾಯಿ. ಪ್ರೋಗ್ರಾಮ್ ಗೊತ್ತಿಲ್ಲದ್ದಕ್ಕಲ್ಲ, ಹೆಸರು ನೆನಪಿಲ್ಲದ್ದಕ್ಕೆ ಅವನು ಹಿಂದೆ ಸರೀತಿದ್ದ. ಅಂಥವನಿಗೆ ನಾನು ಮೊದಲ ದಿನ ಹೇಳಿಕೊಡುತ್ತಿದ್ದದ್ದು ಒಂದೇ ಪಾಠ: ಎರಡು ಅಕ್ಷರ ಬರಿ, ಟ್ಯಾಬ್ ಒತ್ತು, ಅದು ಏನು ಹೇಳ್ತದ ನೋಡು. ಗೊತ್ತಾಗದಿದ್ದರೆ ಇನ್ನೊಮ್ಮೆ ಒತ್ತು. ಇರೋದನ್ನೆಲ್ಲ ಸಾಲಾಗಿ ತೋರಸ್ತದ. ನೆನಪಿಟ್ಟು ಬರೆಯೋದಕ್ಕೂ ನೋಡಿ ಗುರುತಿಸೋದಕ್ಕೂ ಅಜಗಜಾಂತರ. ಊರಿನ ಹೆಸರು ಬಾಯಿಗೆ ಬರದಿದ್ದರೂ ಬೋರ್ಡು ಕಂಡ ಕೂಡಲೆ ‘ಹಾಂ, ಇದೇ’ ಅಂತೀವಲ್ಲ, ಹಂಗ.

ಈ ಕೀಲಿಯ ಹಿಂದಿನ ವಿಚಾರ ಯುನಿಕ್ಸಿನ ಮನೆಯಲ್ಲಿ ಹುಟ್ಟಿದ್ದಲ್ಲ. ಅದರ ತವರು ಬೇರೆ.

1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಎಸ್‌ಡಿಎಸ್ 940 ಎಂಬ ಯಂತ್ರದ ಮೇಲೆ ಒಂದು ವ್ಯವಸ್ಥೆ ನಡೀತಿತ್ತು. ನೀವು ಕಮಾಂಡಿನ ಮೊದಲ ಒಂದೆರಡು ಅಕ್ಷರ ಒತ್ತಿ, ಅದು ಇಂಥದ್ದೇ ಅಂತ ಖಾತ್ರಿಯಾದ ಕ್ಷಣಕ್ಕೆ, ಕೇಳದೇ ಇದ್ದರೂ ಯಂತ್ರ ಉಳಿದದ್ದನ್ನು ತಾನೇ ಬರೆದುಬಿಡೋದು. ಕೇಳಲಿಕ್ಕೆ ಚೆಂದ. ಆದರೆ ಬೆರಳು ಚುರುಕಾಗಿದ್ದವರಿಗೆ ಪೀಕಲಾಟ. ಅವರು ಇನ್ನೂ ಟೈಪ್ ಮಾಡ್ತಾನೇ ಇರ್ತಿದ್ದರು. ಯಂತ್ರವೂ ಬರೆದು, ಇವರೂ ಬರೆದು, ಹೆಚ್ಚಾದ ಅಕ್ಷರಗಳು ಮುಂದಿನ ಪದಕ್ಕೆ ಅಂಟಿಕೊಳ್ಳೋವು. ನಮ್ಮ ಮಾತು ಮುಗಿಯೋದರೊಳಗ ಬಾಯಿ ಹಾಕೋ ಬೀಗರಂಗ.

ಇದನ್ನು ಹದಕ್ಕೆ ತಂದದ್ದು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಬಿಬಿಎನ್ ಎಂಬ ಸಂಸ್ಥೆ. ಅಲ್ಲಿ ಡ್ಯಾನ್ ಮರ್ಫಿ, ಡೇನಿಯಲ್ ಬಾಬ್ರೋ, ರೇ ಟಾಮ್ಲಿನ್ಸನ್ ಮೊದಲಾದವರು ಪಿಡಿಪಿ-10 ಯಂತ್ರಕ್ಕಾಗಿ ಟೆನೆಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಕಟ್ಟಿದರು. ಅದನ್ನು ವಿವರಿಸುವ ಅವರ ಪ್ರಬಂಧ 1972ರಲ್ಲಿ ಅಚ್ಚಾಯಿತು. (ಟಾಮ್ಲಿನ್ಸನ್ ಅಂದ್ರ 1971ರಲ್ಲಿ ಇದೇ ಟೆನೆಕ್ಸ್ ಯಂತ್ರಗಳ ನಡುವೆ ಮೊದಲ ಇಮೇಲ್ ಕಳಿಸಿ, ವಿಳಾಸದ ನಡುವೆ ‘ಆ್ಯಟ್’ ಚಿಹ್ನೆ ಇಟ್ಟವರು.) ಟೆನೆಕ್ಸ್‌ನವರು ಒಂದು ಸಣ್ಣ ತಿದ್ದುಪಡಿ ಮಾಡಿದರು: ಯಂತ್ರ ತಾನಾಗಿ ಬಾಯಿ ಹಾಕಬಾರದು, ಕೇಳಿದಾಗ ಮಾತ್ರ ಹೇಳಬೇಕು. ಕೇಳಲಿಕ್ಕೆ ಎಸ್ಕೇಪ್ ಕೀಲಿ. ನಾಲ್ಕು ಅಕ್ಷರ ಬರೆದು ಎಸ್ಕೇಪ್ ಒತ್ತಿದರೆ ಉಳಿದದ್ದು ಬರೋದು. ಒಂದಕ್ಕಿಂತ ಹೆಚ್ಚು ಹೆಸರು ಹೊಂದಿಕೆಯಾದರೆ ಯಂತ್ರ ಗಂಟೆ ಬಾರಿಸಿ ಸುಮ್ಮನೆ ನಿಲ್ಲೋದು. ಅಷ್ಟೇ ಅಲ್ಲ, ನಕಲು ಮಾಡುವ ಕಮಾಂಡ್ ಬರೆದು ಎಸ್ಕೇಪ್ ಒತ್ತಿದರೆ ‘ಎಲ್ಲಿಂದ’, ‘ಎಲ್ಲಿಗೆ’ ಅನ್ನೋ ಅರ್ಥದ ದಾರಿ ತೋರುವ ಪದಗಳನ್ನೂ ಕಂಸದೊಳಗೆ ಬರೆದು ತೋರಸ್ತಿತ್ತು. ಮುಂದೆ 1976ರಲ್ಲಿ ಡೆಕ್ ಕಂಪನಿ ಟೆನೆಕ್ಸನ್ನೇ ಆಧರಿಸಿ ಟಾಪ್ಸ್-20 ಹೊರತಂದಾಗ, ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಸಾಕು, ‘ಇಲ್ಲಿ ನೀವು ಇಂತಿಂಥದ್ದು ಬರೀಬಹುದು’ ಅಂತ ಪಟ್ಟಿ ಬರೋದು.

ಇಲ್ಲಿ ನಡೆದದ್ದನ್ನು ಸ್ವಲ್ಪ ನಿಂತು ನೋಡಬೇಕು. ಹೆಸರು ಉದ್ದವಾಗಿಯೇ ಇರಲಿ, ಅರ್ಥವಾಗುವಂತೆಯೇ ಇರಲಿ. ಅದನ್ನು ನೆನಪಿಡುವ ಹೊರೆ ಯಂತ್ರದ್ದು ಅಂದರು. ತನ್ನ ಹೊಟ್ಟೆಯಲ್ಲಿರುವ ಹೆಸರುಗಳು ಯಂತ್ರಕ್ಕೆ ಹೆಂಗೂ ಗೊತ್ತು. ಗೊತ್ತಿದ್ದೂ ಹೇಳದೆ, ಮನುಷ್ಯನಿಂದ ಬಾಯಿಪಾಠ ಒಪ್ಪಿಸಿಕೊಳ್ಳೋದು ಯಾವ ನ್ಯಾಯ? ತಂತಿ ಕಾಲದಿಂದ ಕಾರಕೂನನ ತಲೆಯ ಮೇಲೆ ಕೂತಿದ್ದ ಹೊರೆಯನ್ನು ಇಳಿಸುವ ಇನ್ನೊಂದು ದಾರಿ ಇದು.

ಎರಡೂ ದಾರಿಗಳು ಕೂಡಿದ್ದು ಒಬ್ಬ ವಿದ್ಯಾರ್ಥಿಯ ಹಠದಿಂದ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಕೆನ್ ಗ್ರೀರ್, ಟೆನೆಕ್ಸ್‌ನಲ್ಲಿದ್ದ ಸುಖ ಯುನಿಕ್ಸಿನಲ್ಲಿ ಯಾಕಿಲ್ಲ ಅಂತ 1975ರಲ್ಲಿ ಕೆಲಸ ಶುರು ಮಾಡಿದರು. 1981ರ ಹೊತ್ತಿಗೆ ಅದನ್ನು ಸಿ-ಶೆಲ್ಲಿನೊಳಗೆ ಸೇರಿಸಿದರು. 1983ರ ಅಕ್ಟೋಬರ್ 3ರಂದು ಅದರ ಮೂಲ ಬರಹವನ್ನು ಯಾರು ಬೇಕಾದರೂ ತೆಗೆದುಕೊಳ್ಳಲಿ ಅಂತ ಯೂಸ್‌ನೆಟ್‌ನಲ್ಲಿ ಹಂಚಿದರು. ಅದೇ ಟಿ-ಸಿ-ಶೆಲ್, ಹೆಸರಿನ ಆ ಟಿ ಟೆನೆಕ್ಸ್‌ನ ಟಿ. 1989ರಲ್ಲಿ ಬ್ರಯನ್ ಫಾಕ್ಸ್ ಬ್ಯಾಶ್ ಬರೆದರು. ಕೀಲಿ ಒತ್ತಿದ್ದನ್ನೆಲ್ಲ ಸಂಭಾಳಿಸುವ ರೀಡ್‌ಲೈನ್ ಅದರ ಜೋಡಿ ಬಂತು, ಮನೆಮನೆಗೆ ಟ್ಯಾಬ್ ಮುಟ್ಟಿತು. ಹತ್ತಿರಹತ್ತಿರ ಅದೇ ಹೊತ್ತಿಗೆ, 1990ರಲ್ಲಿ, ಪ್ರಿನ್ಸ್‌ಟನ್‌ನಲ್ಲಿ ಪಾಲ್ ಫಾಲ್‌ಸ್ಟಾಡ್ ಜಡ್-ಶೆಲ್ ಬರೆದರು. 2005ರಲ್ಲಿ ಆಕ್ಸೆಲ್ ಲಿಲ್ಯೆಂಕ್ರಾಂಟ್ಸ್ ಬರೆದ ಫಿಶ್ ಬಂತು.

ಇಲ್ಲಿಯ ತನಕ ಬ್ಯಾಶ್ ಮುಖ್ಯವಾಗಿ ತುಂಬಿಸುತ್ತಿದ್ದದ್ದು ಎರಡು ಬಗೆಯ ಹೆಸರು: ಡಿಸ್ಕಿನ ಮೇಲಿರುವ ಫೈಲುಗಳು, ಮತ್ತು ಯಂತ್ರದಲ್ಲಿರುವ ಕಮಾಂಡುಗಳು. ಇವೆರಡೂ ಅದರ ಕಣ್ಣಿಗೆ ನೇರ ಕಾಣ್ತಾವು. ಆದರೆ ಒಂದು ಟೂಲ್ ಒಳಗೆ ಯಾವ್ಯಾವ ಉಪ-ಕಮಾಂಡ್ ಅದಾವು, ಅದು ಯಾವ ಮಾತು ಒಪ್ಪತದ ಅನ್ನೋದು ಶೆಲ್ಲಿಗೆ ಹೆಂಗ ಗೊತ್ತಾಗಬೇಕು? ಯಾರಾದರೂ ಕೂತು ಹೇಳಬೇಕು. 2000ದಲ್ಲಿ ಬಂದ ಬ್ಯಾಶ್ 2.04ನೆಯ ಆವೃತ್ತಿ ಆ ಬಾಗಿಲು ತೆರೆಯಿತು. ಅದೇ ಸುಮಾರಿಗೆ ಇಯನ್ ಮ್ಯಾಕ್‌ಡೊನಾಲ್ಡ್ ನೂರಾರು ಟೂಲ್‌ಗಳಿಗೆ ಬೇಕಾದ ಪಟ್ಟಿಗಳನ್ನು ಒಂದೆಡೆ ಕೂಡಿಸುವ ಬ್ಯಾಶ್-ಕಂಪ್ಲೀಶನ್ ಯೋಜನೆ ಶುರು ಮಾಡಿದರು. ಇವತ್ತು ನಿಮ್ಮ ಲಿನಕ್ಸಿನಲ್ಲಿ ಯಾವುದೋ ಟೂಲ್ ಹೆಸರು ಬರೆದು ಟ್ಯಾಬ್ ಒತ್ತಿದಾಗ ಅದರ ಆಯ್ಕೆಗಳು ಸಾಲಾಗಿ ನಿಂತರೆ, ಅದರ ಹಿಂದೆ ಎಲ್ಲೋ ಒಬ್ಬರು ತಾಳ್ಮೆಯಿಂದ ಬರೆದ ಒಂದು ಫೈಲು ಅದ ಅಂತ ತಿಳೀರಿ.

ಈಗ ನಮ್ಮ ಸ್ವಂತದ ಟೂಲ್. ಹಳೆಯ ಕಾಗದಪತ್ರ ಸ್ಕ್ಯಾನ್ ಮಾಡಿ ಜೋಡಿಸಿಡೋ ಕೆಲಸಕ್ಕೆ ನಾನೊಂದು ಸಣ್ಣ ಕಮಾಂಡ್ ಬರೆದಿದ್ದೆ, ಹೆಸರು ‘ಕಡತ’. ಸೇರಿಸು, ಹುಡುಕು, ಸರಿಸು, ಪಟ್ಟಿ ಅಂತ ನಾಲ್ಕು ಉಪ-ಕಮಾಂಡ್. ಎಲ್ಲವೂ ಕನ್ನಡ ಪದಗಳೇ, ಇಂಗ್ಲಿಷ್ ಅಕ್ಷರದಲ್ಲಿ. ಪ್ರತಿಯೊಂದರ ಮುಂದೆ ತಾಲ್ಲೂಕಿನ ಹೆಸರು ಕೊಡಬೇಕು. ಬ್ಯಾಶ್‌ಗೆ ಇದನ್ನು ಕಲಿಸೋ ಅತಿ ಸುಲಭದ ದಾರಿ ಒಂದೇ ಸಾಲಿನದು: ‘ಕಂಪ್ಲೀಟ್’ ಎಂಬ ಕಮಾಂಡ್ ಬರೆದು, ಒಂದು ಅಡ್ಡಗೆರೆಯ ಜೋಡಿ ದೊಡ್ಡ ಡಬ್ಲ್ಯೂ ಕೊಟ್ಟು, ಉದ್ಧರಣ ಚಿಹ್ನೆಯೊಳಗೆ ಆ ನಾಲ್ಕು ಪದ ಬರೆದು, ಕೊನೆಗೆ ಟೂಲ್‌ನ ಹೆಸರು. ಆ ಸಾಲನ್ನು ಮನೆ ಫೋಲ್ಡರಿನ ಬ್ಯಾಶ್-ಆರ್‌ಸಿ ಫೈಲಿನಾಗ ಹಾಕಿದರೆ, ಹೊಸ ಟರ್ಮಿನಲ್ ತೆರೆದಾಗಲೆಲ್ಲ ಅದು ನೆನಪಿನಾಗ ಇರ್ತದ.

ಮೊದಲ ಪದಕ್ಕೆ ಒಂದು ಪಟ್ಟಿ, ಎರಡನೆಯ ಪದಕ್ಕೆ ಬೇರೆ ಪಟ್ಟಿ ಬೇಕಾದರೆ ಇಷ್ಟು ಸಾಲೋದಿಲ್ಲ. ಆಗ ಡಬ್ಲ್ಯೂ ಬದಲು ದೊಡ್ಡ ಎಫ್ ಕೊಟ್ಟು ಒಂದು ಫಂಕ್ಷನ್ನಿನ ಹೆಸರು ಹೇಳಬೇಕು. ಟ್ಯಾಬ್ ಒತ್ತಿದಾಗ ಶೆಲ್ ಆ ಫಂಕ್ಷನ್ನಿಗೆ ಮೂರು ಸಂಗತಿ ಹೇಳ್ತದ: ಯಾವ ಟೂಲ್, ಅರ್ಧಕ್ಕೆ ನಿಂತ ಪದ ಯಾವುದು, ಅದರ ಹಿಂದಿನ ಪದ ಯಾವುದು. ಹಿಂದಿನ ಪದ ‘ಹುಡುಕು’ ಆಗಿದ್ದರೆ ತಾಲ್ಲೂಕುಗಳನ್ನು ಕೊಡು; ಟೂಲ್‌ನ ಹೆಸರೇ ಆಗಿದ್ದರೆ ನಾಲ್ಕು ಉಪ-ಕಮಾಂಡ್ ಕೊಡು. ಉತ್ತರವನ್ನು ‘ಕಾಂಪ್-ರಿಪ್ಲೈ’ ಎಂಬ ಪಟ್ಟಿಯೊಳಗೆ ತುಂಬಿದರೆ ಆತು, ಪರದೆಯ ಮೇಲೆ ಬರೆಯೋದು ಶೆಲ್ಲಿನ ಕೆಲಸ. ಇವತ್ತಿನ ದೊಡ್ಡ ಟೂಲ್‌ಗಳಲ್ಲಿ ಈ ಫಂಕ್ಷನ್ನನ್ನು ಟೂಲ್‌ ತಾನೇ ಬರೆದು ಕೊಡೋ ರೂಢಿ ಅದ. ‘ಕಂಪ್ಲೀಶನ್ ಬ್ಯಾಶ್’ ಅಂತ ಕೇಳಿದರೆ ಪೂರ್ತಿ ಸ್ಕ್ರಿಪ್ಟ್ ಉಗುಳತದ, ನಾವದನ್ನು ಶೆಲ್ಲಿಗೆ ಓದಿಸಿದರೆ ಸಾಕು. ಜಡ್-ಶೆಲ್ಲಿನವರು ‘ಕಂಪ್-ಇನಿಟ್’ ಕರೆಯೋದನ್ನು ಮರೀಬಾರದು. ಎಷ್ಟೋ ಮಂದಿ ಎಲ್ಲ ಮಾಡಿಯೂ ಟ್ಯಾಬ್ ಯಾಕ ಮಾತಾಡವಲ್ದು ಅಂತ ತಲೆ ಕೆರಕೊಳ್ಳೋದು ಅಲ್ಲೇ.

ಇದು ಬರೀ ಬೆರಳು ಉಳಿಸೋ ಮಾತು ಅಂತ ನಿಮಗನ್ನಿಸಬಹುದು. ಕಡತದ ಕೆಲಸದಾಗ ನನಗೆ ಕಂಡದ್ದು ಬೇರೆ.

ಕಲಘಟಗಿಯನ್ನೇ ತಗೋರಿ. ಕನ್ನಡದಾಗ ಅದನ್ನು ಬರೆಯೋ ರೀತಿ ಒಂದೇ. ಇಂಗ್ಲಿಷಿನಾಗ? ಒಬ್ಬರು ಎಲ್ ಆದಮೇಲೆ ಒಂದು ಎ ಸೇರಿಸ್ತಾರ. ಇನ್ನೊಬ್ಬರು ಅದನ್ನು ನುಂಗಿ, ಟಿ ಆದಮೇಲೆ ಸೇರಿಸ್ತಾರ. ಮತ್ತೊಬ್ಬರು ಎರಡೂ ಕಡೆ. ನವಲಗುಂದಕ್ಕೆ ವಿ ಹಾಕೋರೂ ಇದ್ದಾರ, ಡಬ್ಲ್ಯೂ ಹಾಕೋರೂ ಇದ್ದಾರ. ನಾಲ್ಕು ಮಂದಿ ಕೂತು ಸೇರಿಸಿದ ಕಾಗದಗಳು ನಾಲ್ಕು ಕಲಘಟಗಿಗಳಾಗಿ ಹಂಚಿಹೋಗ್ತಾವು. ಆಮೇಲೆ ಯಾರೋ ಒಬ್ಬರು ಅಜ್ಜನ ಹೊಲದ ಕಾಗದ ಹುಡುಕಿಕೊಂಡು ಬಂದಾಗ ಒಂದು ಕಲಘಟಗಿಯಲ್ಲಿ ಹುಡುಕಿ ‘ಇಲ್ರೀ’ ಅಂತೀವಿ. ಕಾಗದ ಇನ್ನೊಂದು ಕಲಘಟಗಿಯಲ್ಲಿ ಬೆಚ್ಚಗೆ ಮಲಗಿರ್ತದ. ಟ್ಯಾಬ್ ಒತ್ತಿ ಬರೆದವರ ಕಲಘಟಗಿ ಮಾತ್ರ ಒಂದೇ. ಸ್ಪೆಲಿಂಗನ್ನು ನೆನಪಿಡೋ ಕೆಲಸ ಪಟ್ಟಿಯದು ಆದಾಗ, ಇಟ್ಟದ್ದು ಮತ್ತೆ ಸಿಗ್ತದ.

ಹಳೆಯ ದಾಖಲೆಗಳದ್ದು ಇನ್ನೂ ಸೋಜಿಗ. ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ ಧಾರವಾಡ ಸಂಪುಟ ಅಚ್ಚಾದದ್ದು 1884ರಲ್ಲಿ. ಅದರ ಮೇಲೆ ಊರಿನ ಹೆಸರಿನ ಕೊನೆಯ ಅಕ್ಷರ ಆರ್. ಈಗಿನದು ಡಿ. ಎರಡೂ ಹೆಸರಿನ ಫೋಲ್ಡರ್ ಇದ್ದಾಗ ಡಿ, ಎಚ್ ಒತ್ತಿ ಟ್ಯಾಬ್ ಒತ್ತಿದರೆ ಶೆಲ್ ‘ಧಾರವಾ’ ಅನ್ನೋ ತನಕ ಓಡಿಬಂದು ಗಕ್ಕನೆ ನಿಲ್ತದ. ಗಂಟೆ ಬಾರಿಸ್ತದ. ಬ್ರಿಟಿಷರ ಕಾಲದ್ದೋ, ನಮ್ಮ ಕಾಲದ್ದೋ ಅಂತ ಕೊನೆಯ ಒಂದಕ್ಷರ ನೀವೇ ಹೇಳಬೇಕು. ಹುಬ್ಬಳ್ಳಿಯದೂ ಹಂಗ: ಹಳೆಯ ‘ಹುಬ್ಲಿ’, 2014ರ ನಂತರದ ‘ಹುಬ್ಬಳ್ಳಿ’ ಎರಡೂ ಇದ್ದರೆ ಇಂಗ್ಲಿಷಿನ ಮೂರನೆಯ ಅಕ್ಷರಕ್ಕೆ ಬಂದು ನಿಂತು ಬಿಯೋ ಎಲ್ಲೋ ಅಂತ ಕಾಯ್ತದ.

ಹೆಸರನ್ನೇ ಕನ್ನಡ ಅಕ್ಷರದಲ್ಲಿ ಇಟ್ಟರೆ? ಅದೂ ನಡೀತದ, ಆದರೆ ಎರಡು ತೊಡಕು ಅದಾವು. ಹಾವೇರಿ, ಹುಬ್ಬಳ್ಳಿ ಎರಡು ಫೋಲ್ಡರ್ ಇದ್ದರೆ ಶೆಲ್ ‘ಹ’ಗೆ ಬಂದು ನಿಲ್ತದ. ನಮ್ಮ ಕಣ್ಣಿಗೆ ‘ಹಾ’ ಒಂದಕ್ಷರ, ‘ಹು’ ಇನ್ನೊಂದು. ಯೂನಿಕೋಡಿನ ಲೆಕ್ಕದಾಗ ‘ಹ’ ಬೇರೆ, ಅದರ ದೀರ್ಘ, ಕೊಂಬು ಬೇರೆ. ಅಕ್ಷರದ ನಡುವೆಯೇ ಅದು ದಾರಿ ಕೇಳ್ತದ, ನಾವು ಬರೀ ಕೊಂಬನ್ನು ಒತ್ತಿ ಉತ್ತರ ಕೊಡಬೇಕು. ಎರಡನೆಯ ತೊಡಕು ಇನ್ನೂ ಕಳ್ಳ. ‘ಕೋರ್ಟು’ ಪದದ ‘ಕೋ’ದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೀಬಹುದು, ಬಿಡಿ ತುಂಡುಗಳನ್ನು ಜೋಡಿಸಿಯೂ ಬರೀಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣ್ತಾವು. ಶೆಲ್ ಕೂಡಿಸಿ ನೋಡೋದು ಸಂಕೇತಗಳನ್ನು. ಅದಕ್ಕೆ ಇವೆರಡು ಬೇರೆ ಬೇರೆ ಹೆಸರು. ಹೆಸರು ಕಣ್ಮುಂದೆ ಇದ್ದರೂ ಟ್ಯಾಬ್ ಮೌನ. ಹಂಗಾಗಿ ಒಂದೇ ಕಚೇರಿಯವರು ಒಂದೇ ಕೀಲಿಮಣೆ ವಿನ್ಯಾಸ ಬಳಸೋದು ಒಳ್ಳೇದು.

ಟ್ಯಾಬ್ ಮೇಲೆ ಕುರುಡು ಭಕ್ತಿಯೂ ಬೇಡ. ಅಳಿಸುವ ಕಮಾಂಡ್ ಬರೆದು, ಟ್ಯಾಬ್ ಒತ್ತಿ, ಬಂದದ್ದನ್ನು ಓದದೆ ಎಂಟರ್ ಒತ್ತಿದರೆ ಅದು ತುಂಬಿದ ಹೆಸರು ನಿಮಗೆ ಬೇಕಾದದ್ದೇ ಆಗಿರಬೇಕಂತಿಲ್ಲ. ಇರೋ ಹೆಸರು ಹೇಳಿದ್ದಷ್ಟೇ ಅದರ ಜವಾಬ್ದಾರಿ. ಒತ್ತು, ಓದು, ಆಮೇಲೆ ಎಂಟರ್.

ಈಗಿನ ಫೋನುಗಳು, ಎಡಿಟರುಗಳು ಇನ್ನೂ ಮುಂದೆ ಹೋಗ್ಯಾವು. ಎರಡು ಪದ ಬರೆದರೆ ಮುಂದಿನ ಸಾಲನ್ನೇ ಊಹಿಸಿ ಇಡ್ತಾವು. ಅನುಕೂಲ ಹೌದು, ನಾನೂ ಬಳಸ್ತೀನಿ. ಆದರೆ ಊಹೆ ಬೇರೆ, ಗುರುತು ಬೇರೆ. ಊಹಿಸೋ ಯಂತ್ರ ಸಾಮಾನ್ಯವಾಗಿ ಮಂದಿ ಏನು ಬರೀತಾರ ಅನ್ನೋದನ್ನು ಹೇಳ್ತದ; ಇಲ್ಲದ ಊರನ್ನೂ ಚೆಂದಾಗಿ ಹೇಳಬಲ್ಲದು. ಟೆನೆಕ್ಸ್ ಕಾಲದಿಂದ ಬಂದ ಈ ಹಳೆಯ ಪದ್ಧತಿ ಪಟ್ಟಿಯೊಳಗ ಇದ್ದದ್ದನ್ನು ಮಾತ್ರ ಹೇಳ್ತದ. ಗೊತ್ತಿರುವಷ್ಟು ದೂರ ಬರ್ತದ, ಗೊತ್ತಿಲ್ಲದ ಕಡೆ ನಿಂತು ಗಂಟೆ ಬಾರಿಸ್ತದ. ದಾಖಲೆ ಕಾಯೋ ಕೆಲಸಕ್ಕೆ ನನಗೆ ಆ ಗಂಟೆಯೇ ಬೇಕು.

ಹಾಗಂತ ಪಟ್ಟಿ ಆಕಾಶದಿಂದ ಬೀಳೋದಿಲ್ಲ. ಅದನ್ನು ಬರೆಯೋನ ಕೈಯಾಗ ಅಧಿಕಾರ ಇರ್ತದ. ಅವನು ಬರೆದ ಸ್ಪೆಲಿಂಗೇ ಸ್ಪೆ‌ಲಿಂಗು. ಬಿಟ್ಟ ಊರು ಇಲ್ಲದ ಊರು. ಧಾರವಾಡ ಜಿಲ್ಲೆಯ ತಾಲ್ಲೂಕು ಅಂತ ಹಳೆಯ ಐದನ್ನೇ ಬರೆದು ಕೈ ತೊಳಕೊಂಡರೆ ಅಣ್ಣಿಗೇರಿ, ಅಳ್ನಾವರದವರು ಟ್ಯಾಬ್ ಒತ್ತಿ ಒತ್ತಿ ಬೆರಳು ಸವೆಸಬೇಕು. 1997ಕ್ಕಿಂತ ಹಿಂದಿನ ಕಾಗದ ಜೋಡಿಸುವಾಗ ಗದಗ, ಹಾವೇರಿಗಳೂ ಈ ಜಿಲ್ಲೆಯೊಳಗೇ ಬರಬೇಕು; ಆಗಿನ್ನೂ ಅವು ಬೇರೆಯಾಗಿರಲಿಲ್ಲ. ಇದೆಲ್ಲ ಶೆಲ್ಲಿಗೆ ಗೊತ್ತಿರೋದಿಲ್ಲ, ಚುರುಕಾದ ಪ್ರೋಗ್ರಾಮರನಿಗೂ ಗೊತ್ತಿರಬೇಕಂತಿಲ್ಲ.

ಗೊತ್ತಿದ್ದದ್ದು ನಮ್ಮ ಜೋಡಿ ಕೆಲಸಕ್ಕೆ ಬರ್ತಿದ್ದ ಒಬ್ಬ ನಿವೃತ್ತ ಕಾರಕೂನರಿಗೆ. ಮೂವತ್ತು ವರ್ಷ ರಜಿಸ್ಟರ್ ಬರೆದ ಕೈ. ಅವರ ಹತ್ರ ಒಂದು ಇನ್ನೂರು ಪುಟದ ನೋಟ್‌ಬುಕ್ ಇತ್ತು. ಕಡತದ ಪ್ರತಿಯೊಂದು ಕಮಾಂಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ದುಂಡಗೆ ಬರೆದು, ಪಕ್ಕದಲ್ಲಿ ಕನ್ನಡದಾಗ ಅದರ ಅರ್ಥ ಬರಕೊಂಡಿದ್ದರು. ಟೈಪ್ ಮಾಡೋ ಮೊದಲು ಪುಟ ತಿರುವಿ, ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ನೋಡಿ ಒತ್ತೋರು. ಟ್ಯಾಬ್ ಕಲಿಸಿದ ಫೈಲು ಹಾಕಿದ ದಿನ ಅವರಿಗೆ ಎರಡು ಅಕ್ಷರ ಒತ್ತಿ ನೋಡ್ರಿ ಅಂದೆ. ಒತ್ತಿದರು. ತಾಲ್ಲೂಕುಗಳು ಸಾಲಾಗಿ ಬಂದು ನಿಂತವು. ಹಿಗ್ಗಲಿಲ್ಲ, ಏನಿಲ್ಲ, ಕನ್ನಡಕ ಸರಿ ಮಾಡಿಕೊಂಡು ಒಂದೊಂದೇ ಓದಿದರು.

“ಇದರಾಗ ಕಲಘಟಗಿ ಸ್ಪೆಲಿಂಗ್ ಹಳೇ ರಜಿಸ್ಟರಿನಂಗ ಇಲ್ಲ. ಅಳ್ನಾವರ ಬಿಟ್ಟೀರಿ. ಬರಕೋರಿ, ಹೇಳ್ತೀನಿ.”

ಆವತ್ತು ಅರ್ಧ ದಿನ ಅವರು ಹೇಳಿದರು, ನಾ ಬರಕೊಂಡೆ. ತಾಲ್ಲೂಕು ಮುಗಿದು ಹೋಬಳಿಗೆ ಬಂತು, ಹೋಬಳಿ ಮುಗಿದು ಹಳ್ಳಿಗೆ. ಯಾವ ಹಳ್ಳಿ ಯಾವ ವರ್ಷ ಯಾವ ತಾಲ್ಲೂಕಿನಿಂದ ಯಾವುದಕ್ಕೆ ಹೋತು ಅನ್ನೋದೆಲ್ಲ ಅವರ ತಲೆಯಾಗಿತ್ತು. ಆ ನೋಟ್‌ಬುಕ್ಕಿನ ಕಮಾಂಡಿನ ಪುಟಗಳ ಗರಜು ಅವರಿಗೆ ಉಳೀಲಿಲ್ಲ. ಅವರ ತಲೆಯಾಗಿನ ಊರುಗಳ ಗರಜು ಮಾತ್ರ ನಮಗೆಲ್ಲ ಬಿತ್ತು, ಈಗ ಅದು ಫೈಲಿನಾಗ ಅದ.

ಹಂಗಾಗಿ ಹೊಸ ಟೂಲ್ ಬರೆಯೋ ಹುಡುಗೂರಿಗೆ ನನ್ನದೊಂದು ಮಾತು. ಕೋಡ್ ಬರೆದು ಮುಗಿಸಿದ ಮೇಲೆ ಇನ್ನೊಂದು ತಾಸು ಕೊಡ್ರಿ, ಟ್ಯಾಬ್‌ಗೆ ಉತ್ತರ ಹೇಳೋ ಫೈಲೂ ಬರೀರಿ. ಒಬ್ಬರೇ ಕೂತು ಬರೀಬ್ಯಾಡ್ರಿ. ಆ ಟೂಲ್ ದಿನಾ ಬಳಸೋರನ್ನ ಪಕ್ಕಕ್ಕೆ ಕೂಡಿಸಿಕೊಂಡು, ‘ಇದಕ್ಕ ನೀವು ಏನಂತೀರಿ?’ ಅಂತ ಕೇಳಿ ಬರೀರಿ.